ವಕೀಲರು ನಿದ್ದೆ ಹೋದ ಮಧ್ಯಾಹ್ನ

ನಮ್ಮ ವಕೀಲರು ಹನ್ನೊಂದು ವರ್ಷ ಕಣ್ಣು ಮುಚ್ಚಿರಲಿಲ್ಲ. ಒಂದು ಸಲವೂ ಇಲ್ಲ. ರೆಪ್ಪೆ ಬಡಿಯುವುದಕ್ಕೂ ಎಡಗಣ್ಣಿಗೊಂದು ಹೊತ್ತು, ಬಲಗಣ್ಣಿಗೊಂದು ಹೊತ್ತು ಎಂದು ಪಾಳಿ ಹಾಕಿಕೊಟ್ಟಿದ್ದರು. ಕಾರ್ಮಿಕರ ಪರ ವಕೀಲರಲ್ಲವೇ, ಸ್ವಂತ ಕಣ್ಣುಗಳಿಂದಲೂ ಹೆಚ್ಚುವರಿ ದುಡಿಮೆ ಮಾಡಿಸಿಕೊಳ್ಳುವ ಮನುಷ್ಯರಲ್ಲ. ಅವರ ಕೋಣೆಗೆ ಬಂದ ಸೊಳ್ಳೆಗಳು ಇವರು ಮಲಗಲಿ ಎಂದು ಕಾದು ಕಾದು, ತಾವೇ ತೂಕಡಿಸಿ ಗೋಡೆಯಿಂದ ಉದುರುತ್ತಿದ್ದವು. ಬೀದಿನಾಯಿಗಳು ಹೇಗೂ ಒಬ್ಬರು ಎಚ್ಚರವಾಗಿದ್ದಾರಲ್ಲ ಎಂದು ಕಾವಲು ಬಿಟ್ಟು ಕಾಲು ಚಾಚಿದ್ದವು. ಇದನ್ನು ನಂಬದವರು ಊರಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಬಹುದು. ಅವರ ಹೆಂಡತಿಯನ್ನು ಮಾತ್ರ ಕೇಳಬಾರದು.

ಆಕೆ ಶಾಲೆಯಲ್ಲಿ ಗಣಿತ ಹೇಳುವ ಮೇಷ್ಟ್ರಮ್ಮ. ಗಂಡನ ಬಾಯಿಂದ ಯಾವ ಸಂಖ್ಯೆ ಹೊರಬಿದ್ದರೂ ಮೊದಲು ಹತ್ತರಿಂದ ಭಾಗಿಸಿ, ಬಂದದ್ದರಲ್ಲಿ ಅರ್ಧ ಕಳೆದು, ಉಳಿದದ್ದನ್ನೂ ಅನುಮಾನದಿಂದ ನೋಡುವುದು ಆಕೆಯ ಪದ್ಧತಿ. ಇಂಥ ಲೆಕ್ಕದವರನ್ನು ಕಥೆಯ ಹತ್ತಿರ ಬಿಟ್ಟುಕೊಂಡರೆ ಕಥೆ ಉಳಿಯುವುದಿಲ್ಲ. ಸದ್ಯಕ್ಕೆ ಆಕೆ ಉತ್ತರ ಪತ್ರಿಕೆ ತಿದ್ದುತ್ತಿರಲಿ.

ವಕೀಲರ ನಿದ್ದೆ ಕೆಟ್ಟದ್ದು ಕಾಯಿಲೆಯಿಂದಲ್ಲ, ಕಕ್ಷಿದಾರರಿಂದ. ಕರಿಕೋಟು ತೊಟ್ಟ ದಿನದಿಂದ ಅವರು ಕೆಲಸಗಾರರ ಪರವಾಗಿಯೇ ನಿಂತವರು. ಬೀಗದ ಅಂಗಡಿಯ ಮೇಲೆ ಅವರ ಕಚೇರಿ. ಒಬ್ಬರು ಹತ್ತಿದರೆ ಇಳಿಯುವವರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಮೆಟ್ಟಿಲು. ಆ ಮೆಟ್ಟಿಲು ಹತ್ತಿ ಬಂದವರನ್ನು ಯಾಕೆ ತೆಗೆದರು, ಯಾರು ತೆಗೆದರು ಎಂದು ಅವರು ಮೊದಲಿಗೇ ಕೇಳುತ್ತಿರಲಿಲ್ಲ. ಕುರ್ಚಿ ತೋರಿಸಿ, ನಿಮ್ಮ ಕೆಲಸದ ಜಾಗದಲ್ಲಿ ಯಾವ ಸದ್ದಿರುತ್ತದೆ, ಒಂದಿಷ್ಟು ಮಾಡಿ ತೋರಿಸಿ ಎನ್ನುತ್ತಿದ್ದರು. ಬಂದವರು ಮೊದಲು ನಾಚುತ್ತಿದ್ದರು, ಆಮೇಲೆ ಶುರು ಹಚ್ಚುತ್ತಿದ್ದರು. ಸಿದ್ಧ ಉಡುಪಿನ ಕಾರ್ಖಾನೆಯ ಹೆಂಗಸು ನಾಲಿಗೆಯಲ್ಲೇ ಹೊಲಿಗೆಯಂತ್ರ ಓಡಿಸಿದಳು. ಲಿಫ್ಟ್ ನಡೆಸುವ ಮುದುಕ ಮಹಡಿಗೊಂದು ಗಂಟೆ ಬಾರಿಸಿದ. ಬಾಟಲಿ ತೊಳೆಯುವವನು ಗಾಜಿಗೆ ಗಾಜು ತಾಗಿಸಿದ, ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಸದ್ದು ಮಾಡುತ್ತ ಮಾಡುತ್ತ, ಪಕ್ಕದಲ್ಲಿ ಯಾರಿದ್ದರು, ಯಂತ್ರ ಯಾವಾಗ ನಿಂತಿತು, ಮೇಲ್ವಿಚಾರಕ ಯಾವ ಬಾಗಿಲಿಂದ ಬಂದ ಎಲ್ಲವೂ ಅವರಿಗೇ ಗೊತ್ತಿಲ್ಲದೆ ಬಾಯಿಗೆ ಬಂದುಬಿಡುತ್ತಿತ್ತು. ಮೊಕದ್ದಮೆಯ ಮುಕ್ಕಾಲು ಪಾಲು ಅಲ್ಲಿಗೇ ಸಿದ್ಧ.

ಗೆದ್ದ ಮೊಕದ್ದಮೆಗಳ ಸುದ್ದಿ ಹೇಳುವುದೇ ಬೇಡ. ಇವರು ಮರಳಿ ಕೊಡಿಸಿದ ಕೆಲಸಗಳನ್ನೆಲ್ಲ ಒಂದೆಡೆ ನಿಲ್ಲಿಸಿದರೆ ಒಂದು ಪಟ್ಟಣಕ್ಕೆ ಸಾಕಾಗಿ, ಪಕ್ಕದ ಪಟ್ಟಣಕ್ಕೆ ಕಡ ಕೊಡಬಹುದಿತ್ತು. ಅಂಟಿನ ಕಾರ್ಖಾನೆಯ ವಿಚಾರಣೆಯಲ್ಲಿ ಇವರು ವಾದ ಮುಗಿಸಿದ ಮೇಲೆ ಎದುರು ಪಕ್ಷದ ವಕೀಲರಿಗೆ ಕುರ್ಚಿಯಿಂದ ಏಳಲಾಗದೆ, ಕುರ್ಚಿಯ ಸಮೇತ ಮನೆಗೆ ಕಳಿಸಬೇಕಾಯಿತಂತೆ. ಬೀಗದ ಅಂಗಡಿಯವನಂತೂ ಇವರು ಕೆಮ್ಮಿದರೆ ಕೆಳಗೆ ನಾಲ್ಕು ಬೀಗ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ ಎಂದು ಆಣೆ ಹಾಕಲು ಸಿದ್ಧನಿದ್ದ.

ತೊಂದರೆ ಏನೆಂದರೆ, ಕೆಲಸ ಸಿಕ್ಕಿದವರು ಹೋಗುವಾಗ ತಮ್ಮ ಸದ್ದನ್ನು ಒಯ್ಯುತ್ತಿರಲಿಲ್ಲ. ಅವು ವಕೀಲರ ಹಿಂದೆಯೇ ಮನೆಗೆ ಬಂದು, ದಿಂಬಿನ ಸುತ್ತ ಜಾಗ ಹಿಡಿದು ಕೂರುತ್ತಿದ್ದವು. ಅವರು ತಲೆಯಿಟ್ಟರೆ ದಿಂಬಿನೊಳಗಿನ ಹತ್ತಿಯಲ್ಲಿ ಲಿಫ್ಟು ಮೆಲ್ಲಗೆ ಏರತೊಡಗುವುದು. ಯಾವುದೋ ಮಹಡಿಯಲ್ಲಿ ಬಾಗಿಲು ತೆರೆದರೆ ಅಲ್ಲೊಂದು ಉದ್ದನೆಯ ಬೀದಿ, ಬೀದಿಯ ತುಂಬ ತೊಳೆದಿಟ್ಟ ಹಸಿರು ಬಾಟಲಿಗಳು, ಬಾಟಲಿಗಳ ನಡುವೆ ದೀಪ ಹಚ್ಚಿಕೊಂಡು ಬರುವ ಖಾಲಿ ಬಸ್ಸು. ಹೊಲಿಗೆಯಂತ್ರ ಚಾವಣಿಯ ಈ ಮೂಲೆಯಿಂದ ಆ ಮೂಲೆಗೆ ಕತ್ತಲನ್ನು ಹೊಲಿಯುವುದು. ವಕೀಲರು ಅರ್ಧ ಕನಸು ಅರ್ಧ ಎಚ್ಚರದಲ್ಲಿ, ನಿಮ್ಮದೆಲ್ಲ ತೀರ್ಮಾನವಾಯಿತಲ್ಲ, ಇನ್ನು ಮನೆಗೆ ಹೋಗಿ ಎಂದು ಬೇಡಿಕೊಳ್ಳುವರು. ಸದ್ದುಗಳಿಗೆ ಮನೆ ಎಲ್ಲಿದೆ?

ಆದರೆ ವಕೀಲರು ತಮ್ಮ ಕಷ್ಟವನ್ನೂ ಬೋರ್ಡು ಬರೆಸಿ ನೇತುಹಾಕಬಲ್ಲವರು. ಕಾರ್ಮಿಕ ನ್ಯಾಯಾಲಯದ ಜಗುಲಿಯಲ್ಲಿ ಚಹಾ ಲೋಟ ಹಿಡಿದು ನಿಂತರೆ, ನಿದ್ದೆ ಎನ್ನುವುದು ದುರ್ಬಲರಿಗೆ, ನನಗೆ ಆ ಚಟವಿಲ್ಲ, ಹನ್ನೊಂದು ವರ್ಷವಾಯಿತು ಬಿಟ್ಟು ಎನ್ನುತ್ತಿದ್ದರು. ಕೇಳಿ ಕೇಳಿ ಜವಾನನಿಗೂ ಬಾಯಿಪಾಠವಾಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಮೆಟ್ಟಿಲ ಸದ್ದೇ ಆಗದೆ ಒಬ್ಬ ಹೆಂಗಸು ಬಂದು ಎದುರಿಗೆ ನಿಂತಿದ್ದಳು. ನಡುವಯಸ್ಸು, ಅಗಲವಾದ ಶಾಂತ ಮುಖ, ನೆಲಕ್ಕೆ ನೋವಾದೀತೆಂಬಂಥ ನಡಿಗೆ. ಹಾಸಿಗೆ ಕಾರ್ಖಾನೆಯಿಂದ ಬಂದಿದ್ದೇನೆ, ಅಲ್ಲಿ ಎಲ್ಲರೂ ನನ್ನನ್ನು ಹಾಸಿಗೆಯಕ್ಕ ಅನ್ನುತ್ತಾರೆ ಎಂದಳು. ವಕೀಲರು ಕುರ್ಚಿ ತೋರಿಸಿ ತಮ್ಮ ಮಾಮೂಲು ಪ್ರಶ್ನೆ ಕೇಳಿದರು.

"ಸದ್ದಾ? ಏನೂ ಇಲ್ಲ ಅಣ್ಣ," ಎಂದಳು ಅವಳು.

"ಸದ್ದಿಲ್ಲದ ಕಾರ್ಖಾನೆ ಎಲ್ಲಾದ್ರೂ ಇರುತ್ತಾ ಅಕ್ಕ?"

"ಕಾರ್ಖಾನೆಗೆ ಇದೆ. ನನ್ನ ಕೋಣೆಗೆ ಇಲ್ಲ. ಸದ್ದಾದ್ರೆ ನಂಗೆ ಕೆಲ್ಸ ಮಾಡೋಕಾಗಲ್ಲ."

ವಕೀಲರು ಮೊದಲ ಬಾರಿಗೆ ಪೇಚಿಗೆ ಸಿಕ್ಕಿದರು. ಸದ್ದಿನ ದಾರದ ತುದಿ ಹಿಡಿದೇ ಉಳಿದದ್ದನ್ನೆಲ್ಲ ಎಳೆದು ರೂಢಿ. ಈಗ ಕೈಗೆ ದಾರವೇ ಸಿಗಲಿಲ್ಲ. ಹಾಗಾಗಿ ಪಕ್ಕದಲ್ಲಿ ಯಾರಿದ್ದರು ಎಂಬ ಎರಡನೆಯ ಪ್ರಶ್ನೆ ಹುಟ್ಟಲೇ ಇಲ್ಲ. ಇದನ್ನು ಇಲ್ಲಿ ಹೇಳಿಟ್ಟಿರುತ್ತೇವೆ, ಮುಂದೆ ಬೇಕಾಗುತ್ತದೆ.

ಅವಳ ಕೆಲಸ ಮಲಗುವುದು. ನಗಬೇಡಿ. ಹೊಲಿದು ಮುಗಿದ ಹಾಸಿಗೆಗಳು ಕೊನೆಗೆ ಅವಳ ಉದ್ದನೆಯ ಕೋಣೆಗೆ ಬರುತ್ತಿದ್ದವು. ಅವಳು ಒಂದೊಂದರ ಮೇಲೂ ಅಂಗಾತ, ಎಡಕ್ಕೆ, ಬಲಕ್ಕೆ ಮಲಗಿ, ಕಣ್ಣು ಮುಚ್ಚಿ, ಎಲ್ಲಿ ಗಂಟಿದೆ, ಎಲ್ಲಿ ತಗ್ಗಿದೆ ಎಂದು ಬೆನ್ನಿನಿಂದಲೇ ತಿಳಿದು ಗುರುತು ಹಾಕಬೇಕು. ಅದಕ್ಕೊಂದು ಪದ್ಧತಿಯೂ ಇತ್ತು. ಮಲಗುವ ಮೊದಲು, ಈ ಹಾಸಿಗೆ ಯಾರಿಗೆ ಹೋಗುತ್ತದೆ ಎಂದು ಮನಸ್ಸಿನಲ್ಲಿ ಒಬ್ಬರನ್ನು ಇಟ್ಟುಕೊಳ್ಳಬೇಕು. ಆಸ್ಪತ್ರೆಯಲ್ಲಿ ದಿನವಿಡೀ ನಿಂತ ದಾದಿ, ಹೊಸದಾಗಿ ಒಂಟಿಯಾಗಿ ಮಲಗಲು ಕಲಿಯುತ್ತಿರುವ ಮಗು, ಮಗ್ಗುಲು ಬದಲಿಸಲಾಗದ ಮುದುಕಿ, ಹೀಗೆ. ಇಲ್ಲದಿದ್ದರೆ ನಮ್ಮ ಬೆನ್ನು ತನ್ನ ಸುಖವನ್ನೇ ನೋಡಿಕೊಳ್ಳುತ್ತದೆ ಅಣ್ಣ ಎಂದಳು. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವಳು ಮೊದಲು ಆ ಕೋಣೆಯಲ್ಲಿದ್ದ ದೊಡ್ಡಮ್ಮ, ಅಂದರೆ ವಯಸ್ಸಿನಲ್ಲಿ ದೊಡ್ಡವಳು.

ಹೊಸದಾಗಿ ಬಂದ ಮ್ಯಾನೇಜರು ಒಂದು ಮಧ್ಯಾಹ್ನ ಬಾಗಿಲು ತೆರೆದು ನೋಡಿದರೆ, ಇವಳು ಗಾಢ ನಿದ್ದೆಯಲ್ಲಿದ್ದಳು. ಫೋಟೋ ತೆಗೆದರು, ವಿಚಾರಣೆ ಎಂದು ಒಂದನ್ನು ನಡೆಸಿದರು, ಕರ್ತವ್ಯದ ವೇಳೆ ನಿದ್ದೆ ಎಂದು ಬರೆದು ಹೊರಗೆ ಕಳಿಸಿದರು. ಆ ಮಾತು ಅವಳಿಗಿಂತ ಮುಂಚೆ ಎಲ್ಲ ಕಡೆ ಹೋಗಿ ಕೂತಿರುತ್ತಿತ್ತು. ಬಟ್ಟೆ ತೊಳೆಯುವಲ್ಲಿ ಕೆಲಸ ಕೇಳಿದರೆ ನಕ್ಕರು, ಆಸ್ಪತ್ರೆಯಲ್ಲಿ ಕೇಳಿದರೆ ನಗಲೂ ಇಲ್ಲ. ಮನೆಯಲ್ಲಿ ತಂಗಿಯ ಮಕ್ಕಳೂ ಇವಳನ್ನು, ನಮ್ಮ ದೊಡ್ಡಮ್ಮ ಕೆಲಸದಲ್ಲಿ ಮಲಗಿಬಿಟ್ಟಳಂತೆ ಎಂದು ಆಡಿಕೊಳ್ಳಲು ಶುರುಮಾಡಿದ್ದರು.

"ನಂಗೆ ಕೆಲ್ಸ ವಾಪಸ್ ಬೇಕು, ಆ ಮಾತು ಅಳಿಸಬೇಕು. ಅಷ್ಟೇ," ಎಂದಳು.

"ನಿಜ ಹೇಳಿ ಅಕ್ಕ, ನಿದ್ದೆ ಮಾಡಿದ್ರಾ?"

"ಮಾಡಿದೆ."

ವಕೀಲರು ಮೇಜಿನ ಮೇಲೆ ಬೆರಳಾಡಿಸಿದರು. ಬರೀ ಕಣ್ಣು ಮುಚ್ಚಿದ್ದೆ, ಅದು ಕೆಲಸದ ಭಾಗ ಎನ್ನೋಣ, ಸುಳ್ಳೇನಲ್ಲವಲ್ಲ ಎಂದು ಸಲಹೆ ಕೊಟ್ಟರು. ಅವಳು ತಲೆಯಾಡಿಸಿದಳು. ಕಣ್ಣು ಮುಚ್ಚುವುದು ಬೇರೆ, ನಿದ್ದೆ ಬೇರೆ. ಎರಡರ ವ್ಯತ್ಯಾಸ ಹೇಳಿಯೇ ನಾನು ಇಷ್ಟು ವರ್ಷ ಅನ್ನ ತಿಂದಿದ್ದೇನೆ, ಅದನ್ನೇ ಕೋರ್ಟಿನಲ್ಲಿ ಕಲಸಿಬಿಟ್ಟರೆ ಆಮೇಲೆ ಆ ಕೋಣೆಗೆ ಯಾವ ಮುಖ ಹೊತ್ತು ಹೋಗಲಿ ಎಂದಳು. ವಕೀಲರಿಗೆ ಇದು ತಲೆನೋವಿನ ಕಕ್ಷಿ ಎನಿಸಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. ನೀವು ನಿಜ ಹೇಳಿ, ಉಳಿದ ಆಕಾಶ ನಾನು ಹೊರುತ್ತೇನೆ ಎಂದುಬಿಟ್ಟರು.

ಕಂಪನಿಯ ಪರ ನಿಂತವರು ಇಸ್ತ್ರಿ ವಕೀಲರೆಂದೇ ಹೆಸರಾದವರು. ಅವರ ಅಂಗಿಯ ಗೆರೆಯಲ್ಲಿ ಹಣ್ಣು ಕತ್ತರಿಸಬಹುದಿತ್ತು. ಅವರ ಪಾಟೀಸವಾಲು ಅವರ ಗೆರೆಯಷ್ಟೇ ನೇರವಾಗಿತ್ತು. ಆ ದಿನ ಮಲಗಿ ನಿದ್ದೆ ಮಾಡಿದ್ದು ನಿಜವೇ ಎಂದರು. ಹಾಸಿಗೆಯಕ್ಕ ನಿಜ ಎಂದಳು. ಇಸ್ತ್ರಿಯವರು ಅಷ್ಟೇ ಎಂದು, ಕೋಟು ಸುಕ್ಕಾಗದಂತೆ ಎರಡು ಬೆರಳಿಂದ ಎತ್ತಿಕೊಂಡು ಕೂತರು. ಮೊಕದ್ದಮೆ ಅಲ್ಲಿಗೆ ನೆಲ ಕಚ್ಚಿದಂತೆಯೇ.

ನ್ಯಾಯಾಧೀಶರು ಹಿರಿಯ ಹೆಂಗಸು, ಕನ್ನಡಕದ ಮೇಲಿಂದ ಮಾತ್ರ ನೋಡುವವರು. ಅವರು ಏನಾದರೂ ಹೇಳುವುದಿದೆಯೇ ಎಂದದ್ದೇ ತಡ, ನಮ್ಮ ವಕೀಲರು ಎದ್ದುನಿಂತು ಆಕಾಶ ಹೊತ್ತೇಬಿಟ್ಟರು. ಆ ಕೋಣೆಯಲ್ಲಿ, ಆ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿದರೆ ಯಾರಿಗಾದರೂ ನಿದ್ದೆ ಬರುತ್ತದೆ, ಬರದ ಮನುಷ್ಯ ಭೂಮಿಯ ಮೇಲಿದ್ದರೆ ತೋರಿಸಲಿ, ಈ ಕೋಟು ಬಿಚ್ಚಿಟ್ಟು ಹೋಗುತ್ತೇನೆ ಎಂದರು. ದನಿಗೆ ಫ್ಯಾನು ನಿಂತಿತು. ಕರೆಂಟು ಹೋಗಿ ನಿಂತದ್ದು ಎನ್ನುವವರಿದ್ದಾರೆ, ಇರಲಿ.

ಇಸ್ತ್ರಿಯವರು ನಿಧಾನವಾಗಿ ಎದ್ದರು. "ಅಂಥ ಮನುಷ್ಯರು ಇಲ್ಲೇ ಇದ್ದಾರಲ್ಲ. ಹನ್ನೊಂದು ವರ್ಷದಿಂದ ನಿದ್ದೆ ಮಾಡಿಲ್ಲ ಅಂತ ದಿನಾ ಚಹಾ ಕುಡೀತಾ ಹೇಳ್ತಾರೆ. ತಾವೇ ಮಲಗಿ ತೋರಿಸಿ ವಕೀಲರೇ."

ಬಾಗಿಲ ಹತ್ತಿರ ಜವಾನ ಬೆರಳೆಣಿಸಿ ಹೌದು ಹೌದೆಂದು ತಲೆಯಾಡಿಸಿದ. ನ್ಯಾಯಾಧೀಶರ ಕನ್ನಡಕ ಇನ್ನಷ್ಟು ಕೆಳಗೆ ಜಾರಿತು. ಮುಂದಿನ ವಾಯಿದೆಗೆ ಸ್ಥಳ ಪರಿಶೀಲನೆ, ಮಲಗುವವರು ಕೆಲಸಗಾರರ ಪರ ವಕೀಲರು ಎಂದು ಅವರು ನಗದೆಯೇ ಹೇಳಿ ಎದ್ದರು.

ಅಂದು ಸಂಜೆ ಮೇಷ್ಟ್ರಮ್ಮನಿಗೆ ಸುದ್ದಿ ಹೇಳಲೇಬೇಕಾಯಿತು. ಆಕೆ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. "ನಿಮಗೆ ನಿದ್ದೆ ಬರ್ಲಿಲ್ಲ ಅಂದ್ರೆ ಆಯಮ್ಮನ ಕೆಲ್ಸ ಹೋಯ್ತು. ಬಂದ್ರೆ ನಿಮ್ಮ ಜಂಬ ಹೋಯ್ತು. ಇದರಲ್ಲಿ ಯೋಚನೆ ಮಾಡೋದೇನಿದೆ?"

"ಬರಬೇಕಲ್ಲೇ!"

ನಟನೆ ಮಾಡುವುದೆಂದು ವಕೀಲರು ನಿಶ್ಚಯಿಸಿದರು. ಅವತ್ತಿನಿಂದ ಊಟದ ಮನೆಯ ಬೆಂಚಿನ ಮೇಲೆ ತಾಲೀಮು ನಡೆಯಿತು. ಮೇಷ್ಟ್ರಮ್ಮ ತರಕಾರಿ ಹೆಚ್ಚುತ್ತ ಅಂಕ ಕೊಡುತ್ತಿದ್ದಳು. ನಿದ್ದೆ ಮಾಡುವವರು ಮೀಸೆ ತೀಡಿಕೊಳ್ಳುವುದಿಲ್ಲ. ಗೊರಕೆಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದಿಲ್ಲ. ನೊಣ ಬಂದು ಕೂತರೆ, ಮಾನ್ಯರೇ, ಆಕ್ಷೇಪಣೆ ಎನ್ನುವುದಿಲ್ಲ. ಕೊನೆಯ ದಿನದ ಹೊತ್ತಿಗೂ ಆಕೆ ಪಾಸು ಮಾಡಲಿಲ್ಲ.

ಪರಿಶೀಲನೆಯ ದಿನ ಊಟವಾದ ಮೇಲೆ ಎಲ್ಲರೂ ಕಾರ್ಖಾನೆಗೆ ಹೋದರು. ಹತ್ತಿ ಎಳೆಯುವ ಯಂತ್ರಗಳನ್ನು, ಹೊಲಿಗೆಯ ಸಾಲುಗಳನ್ನು ದಾಟಿ, ದಪ್ಪ ಬಾಗಿಲೊಂದನ್ನು ಎಳೆದುಕೊಂಡರೆ ಆ ಕೋಣೆ. ಬಾಗಿಲು ಮುಚ್ಚಿದ ಕೂಡಲೇ ಲೋಕ ಹಿಂದೆ ಉಳಿಯಿತು. ಎತ್ತರದ ಕಿಟಕಿಗಳಿಂದ ಹಾಲು ಬಣ್ಣದ ಬೆಳಕು ಬೀಳುತ್ತಿತ್ತು. ಬಿಳಿಯ ಹಾಸಿಗೆಗಳು ಒಂದರ ಪಕ್ಕ ಒಂದು, ಹಡಗುಕಟ್ಟೆಯಲ್ಲಿ ಕಟ್ಟಿಹಾಕಿದ ದೋಣಿಗಳ ಹಾಗೆ ಮಲಗಿದ್ದವು. ಹತ್ತಿಯ ಎಳೆಗಳು ಬೆಳಕಿನಲ್ಲಿ ಮೇಲೂ ಏರದೆ ಕೆಳಗೂ ಇಳಿಯದೆ ತೇಲುತ್ತಿದ್ದವು. ಬಂದವರು ತಮಗೇ ಗೊತ್ತಿಲ್ಲದೆ ತುದಿಗಾಲಲ್ಲಿ ನಡೆದರು. ಮ್ಯಾನೇಜರು ಏನೋ ಹೇಳಹೋದರೆ ಮಾತು ಗೋಡೆಗೆ ತಾಗದೆ ಅವರ ಕಾಲ ಬಳಿಯೇ ಬಿತ್ತು. ನ್ಯಾಯಾಧೀಶರಿಗೆ ಕುರ್ಚಿ ಬಂತು. ಇಸ್ತ್ರಿಯವರು ಸುಕ್ಕಿಗೆ ಹೆದರಿ ನಿಂತೇ ಇದ್ದರು.

ಹಾಸಿಗೆಯಕ್ಕ ಒಂದು ಹಾಸಿಗೆ ಆರಿಸಿ, ಹೊದಿಕೆಯ ಮೇಲೆ ಅಂಗೈ ಎಳೆದಳು. ವಕೀಲರು ಕೋಟು ಬಿಚ್ಚಿ, ಬೂಟು ಬಿಚ್ಚಿ, ಅಖಾಡಕ್ಕೆ ಇಳಿಯುವ ಪೈಲ್ವಾನನ ಹಾಗೆ ಒಮ್ಮೆ ಎಲ್ಲರತ್ತ ನೋಡಿದರು.

"ಯಾರಿಗೆ ಅಂತ ಅಂದ್ಕೊಂಡು ಮಲಗಿ ಅಣ್ಣ," ಎಂದಳು ಅವಳು ಮೆಲ್ಲಗೆ.

ಮುಂದೆ ನಡೆದ ನಟನೆಯನ್ನು ಕಂಡವರು ಪುಣ್ಯವಂತರು. ವಕೀಲರು ಮೊದಲು ಒಂದು ನಿಟ್ಟುಸಿರು ಬಿಟ್ಟರು. ಅದೇ ನಾಟಕದ ಒಂದು ಅಂಕ. ಆಮೇಲೆ ದವಡೆ ಸಡಿಲಿಸಿದರು, ಹೆಬ್ಬೆರಳು ಹೊರಕ್ಕೆ ವಾಲಿಸಿದರು, ಒಂದು ಕೈಯನ್ನು ಯಾರದೋ ಕೈಯೇನೋ ಎಂಬಂತೆ ಪಕ್ಕಕ್ಕೆ ಬಿಟ್ಟರು. ಬಳಿಕ ಗೊರಕೆ. ಎಂಥ ಗೊರಕೆ! ತೇಲುತ್ತಿದ್ದ ಹತ್ತಿಯೆಲ್ಲ ಅವರ ಮೂಗಿನತ್ತ ಹೋಗುವುದು, ಹಿಂದಕ್ಕೆ ಬರುವುದು. ಕಿಟಕಿಯ ಗಾಜುಗಳು ಶ್ರುತಿ ಹಿಡಿದವು. ಇಸ್ತ್ರಿಯವರ ಅಂಗಿಯ ಗೆರೆ ಅಲೆಅಲೆಯಾಯಿತು. ಮ್ಯಾನೇಜರು ಎರಡು ಸಲ ಆಕಳಿಸಿ, ಮೂರನೆಯದನ್ನು ಕರವಸ್ತ್ರದಲ್ಲಿ ಬಚ್ಚಿಟ್ಟರು. ಇದೆಲ್ಲ ಬರೀ ನಟನೆ ಎಂಬುದನ್ನು ಮರೆಯಬೇಡಿ. ವಕೀಲರು ಒಳಗೆ ಪೂರಾ ಎಚ್ಚರ.

ಹೊತ್ತು ಸರಿಯಿತು. ಬೆಳಕಿನ ಚೌಕ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ದಾಟಿತು. ಆಗ ಹಾಸಿಗೆಯಕ್ಕ, ತಾನು ವಾದಿ, ಇದು ಕೋರ್ಟಿನ ಪರಿಶೀಲನೆ ಎಂಬುದನ್ನೆಲ್ಲ ಮರೆತವಳಂತೆ ಎರಡು ಹೆಜ್ಜೆ ಮುಂದೆ ಬಂದು, ವಕೀಲರ ಎಡಪಾದವನ್ನು ಅಂಗೈಯಿಂದ ಮೂರು ಸಲ ಮೆತ್ತಗೆ ತಟ್ಟಿದಳು. ವಕೀಲರು ಕಣ್ಣು ಬಿಟ್ಟರು.

"ಅದೇನದು, ಪಾದ ತಟ್ಟಿದ್ದು?" ಎಂದರು ನ್ಯಾಯಾಧೀಶರು.

ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಅಭ್ಯಾಸಬಲ ಮೇಡಂ, ತಪ್ಪಾಯಿತು ಎಂದಳು. ಎಂಥ ಅಭ್ಯಾಸ ಎಂದು ಅವರು ಬಿಡದೆ ಕೇಳಿದರು. ಆಗ ಹೊರಬಿತ್ತು ನೋಡಿ, ಬೀಗದ ಅಂಗಡಿಯ ಮೇಲಿನ ಕೋಣೆಯಲ್ಲಿ ಯಾರೂ ಕೇಳದೇ ಉಳಿದಿದ್ದ ಮಾತು. ಈ ಕೆಲಸಕ್ಕೆ ಯಾವತ್ತೂ ಇಬ್ಬರು. ಒಬ್ಬಳು ಮಲಗುವವಳು, ಇನ್ನೊಬ್ಬಳು ಕಾಲ ಬಳಿ ನಿಲ್ಲುವವಳು. ಮಲಗಿದವಳ ಉಸಿರು ನಿದ್ದೆಗೆ ಜಾರಿತೆಂದರೆ ನಿಂತವಳು ಪಾದ ತಟ್ಟಬೇಕು. ಯಾರು ಮಲಗಿದರೂ ಜಾರುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ, ಅದಕ್ಕೇ ಇಬ್ಬರು. ದೊಡ್ಡಮ್ಮ ನಿವೃತ್ತಳಾದ ಮೇಲೆ ಒಬ್ಬ ಹುಡುಗಿ ಬಂದಿದ್ದಳು. ಅವಳನ್ನು ಹೊಸ ಮ್ಯಾನೇಜರು ಹಾಸಿಗೆ ಕಟ್ಟಿಡುವ ವಿಭಾಗಕ್ಕೆ ಕಳಿಸಿಬಿಟ್ಟರು.

ನ್ಯಾಯಾಧೀಶರು ಮ್ಯಾನೇಜರ ಕಡೆ ತಿರುಗಿದರು. ಯಾಕೆ ಕಳಿಸಿದಿರಿ?

"ಸುಮ್ನೆ ನಿಂತಿರ್ತಿದ್ಲು ಮೇಡಂ," ಎಂದರು ಮ್ಯಾನೇಜರು.

ಇಸ್ತ್ರಿಯವರು ಕಣ್ಣು ಮುಚ್ಚಿಕೊಂಡರು. ಅವರದು ನಿದ್ದೆಯಾಗಿರಲಿಲ್ಲ.

ಇದನ್ನೆಲ್ಲ ನೀವು ಮೊದಲೇ ಯಾಕೆ ಹೇಳಲಿಲ್ಲ ಎಂದು ನ್ಯಾಯಾಧೀಶರು ಹಾಸಿಗೆಯಕ್ಕನನ್ನು ಕೇಳಿದರು. ಯಾರೂ ಕೇಳಲಿಲ್ಲ ಮೇಡಂ, ಎಲ್ಲರೂ ನಿದ್ದೆ ಮಾಡಿದೆಯಾ ಎಂದು ಮಾತ್ರ ಕೇಳಿದರು ಎಂದಳು. ಹಾಸಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ನಮ್ಮ ವಕೀಲರು ಬೂಟಿನ ದಾರ ಹುಡುಕತೊಡಗಿದರು. ಅವರು ಕೊನೆಯ ವಾದ ಮಂಡಿಸದೆ ಮುಗಿದ ಮೊಕದ್ದಮೆ ಅದೊಂದೇ.

ತೀರ್ಪು ಬಂತು. ಹಾಸಿಗೆಯಕ್ಕ ಕೆಲಸಕ್ಕೆ ಮರಳಿದಳು, ಆ ಮಾತು ಅಳಿಯಿತು, ಕಾಲ ಬಳಿ ನಿಲ್ಲುವವಳೂ ಹಿಂದಕ್ಕೆ ಬಂದಳು. ನ್ಯಾಯಾಧೀಶರು ತೀರ್ಪಿನಲ್ಲಿ, ನಿದ್ದೆಯನ್ನೇ ಬಿಟ್ಟಿದ್ದೇನೆ ಎಂದು ಹೇಳಿಕೊಳ್ಳುವವರೂ ಆ ಹಾಸಿಗೆಯ ಮೇಲೆ ನಿದ್ರಿಸಿದ್ದನ್ನು ಖುದ್ದಾಗಿ ಕಂಡೆ ಎಂದೇ ಬರೆದಿದ್ದರು.

ವಕೀಲರ ನಿಜವಾದ ವೈಭವ ಶುರುವಾದದ್ದು ಆಮೇಲೆ. ಇಡೀ ನ್ಯಾಯಾಲಯವನ್ನು ಗೊರಕೆಯಿಂದ ಯಾಮಾರಿಸಿದೆ ಎಂದು ಜಗುಲಿಯಲ್ಲಿ ಹೇಳಿದರು, ಮದುವೆಮನೆಗಳಲ್ಲಿ ಹೇಳಿದರು, ಹೊಸದಾಗಿ ವಕೀಲಿಕೆಗೆ ಬಂದವರನ್ನು ಕೂಡಿಸಿ ಪಾಠವಾಗಿ ಹೇಳಿದರು. ಹೇಳಿದ ಹಾಗೆಲ್ಲ ಗೊರಕೆ ಬೆಳೆಯಿತು. ನಾವು ಮೇಲೆ ಹೇಳಿದ್ದು ಅದರ ಎಳೆಯ ವಯಸ್ಸಿನದು. ಕೊನೆಕೊನೆಗೆ ಅದು ಕಾರ್ಖಾನೆಯ ಚಿಮಣಿಯನ್ನು ಓಲಾಡಿಸುವಷ್ಟು ದೊಡ್ಡದಾಗಿತ್ತು.

ವರ್ಷಗಳು ಹಾಗೇ ತೇಲಿಹೋದವು. ಹಾಸಿಗೆಯಕ್ಕನ ನಿವೃತ್ತಿಯ ದಿನ ಬಂತು. ಬೀಳ್ಕೊಡುಗೆಯನ್ನು ಅದೇ ಉದ್ದನೆಯ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಕುರ್ಚಿ ಸಾಲದೆ ಜನ ಹಾಸಿಗೆಗಳ ಅಂಚಿನಲ್ಲಿ ಕೂತಿದ್ದರು. ತಲೆ ನರೆತ ವಕೀಲರು, ಪಕ್ಕದಲ್ಲಿ ಮೇಷ್ಟ್ರಮ್ಮ. ನಾಲ್ಕು ಮಾತಾಡಿ ಎಂದದ್ದೇ ತಡ, ವಕೀಲರು ನಾಲ್ಕು ನೂರಕ್ಕೆ ಕೈಹಾಕಿದರು. ನಿಟ್ಟುಸಿರು, ದವಡೆ, ಹೆಬ್ಬೆರಳು, ಚಿಮಣಿ, ಎಲ್ಲವೂ ಬಂತು. ಜನ ಬಿದ್ದು ಬಿದ್ದು ನಕ್ಕರು. "ಅಷ್ಟು ಹೊತ್ತೂ ನಾನು ಪೂರಾ ಎಚ್ಚರ," ಎಂದು ಅವರು ಮುಗಿಸಿದಾಗ ಚಪ್ಪಾಳೆ ಬಿತ್ತು.

ಹಾಸಿಗೆಯಕ್ಕ ನಗಲಿಲ್ಲ. ತಾನು ಮಾತಾಡುವ ಸರದಿ ಬಂದಾಗ ಎಲ್ಲರಿಗೂ ಕೈಮುಗಿದು, ವಕೀಲರ ಕಡೆಗೇ ತಿರುಗಿದಳು.

"ಅಣ್ಣ, ಅವತ್ತು ನಾನು ಕೋರ್ಟಲ್ಲಿ ನಿಜ ಹೇಳಿದೆ. ಕೆಲ್ಸ ಹೋದ್ರೂ ಹೋಗ್ಲಿ ಅಂತ ಹೇಳಿದೆ. ನೀವು ನಾಟಕ ಮಾಡಿದ್ರಿ ಅಂದ್ರೆ, ಆಮೇಲೆ ನಾನು ಇಷ್ಟು ವರ್ಷ ಮಾಡಿದ್ದು ಸುಳ್ಳಿನ ಮೇಲೆ ಸಿಕ್ಕ ಕೆಲ್ಸ. ಇವತ್ತು ಮನೆಗೆ ಹೋಗ್ತಿದ್ದೀನಿ. ಯಾವುದು ನಿಜ ಅಂತ ಹೇಳ್ಬಿಡಿ."

ವಕೀಲರು ನಗುವ ಹಾಗೆ ಮಾಡಿ, ಅಲ್ಲಕ್ಕ, ಕಥೆ ಅಂದ ಮೇಲೆ ಸ್ವಲ್ಪ, ಎಂದು ಎಳೆದರು.

"ಎಚ್ಚರ ಇದ್ರಲ್ಲ. ಹಾಗಾದ್ರೆ ನಾನು ಪಾದ ತಟ್ಟೋಕೆ ಮುಂಚೆ ನೀವು ಏನಂದ್ರಿ, ಹೇಳಿ."

"ನಾನು ಮಾತಾಡಿದ್ನಾ?"

"ನ್ಯಾಯಾಧೀಶರೂ ಕೇಳಿಸ್ಕೊಂಡ್ರು. ಇಸ್ತ್ರಿಯವರೂ ಕೇಳಿಸ್ಕೊಂಡ್ರು. ಅದನ್ನ ಕೇಳಿದ ಮೇಲೇ ನಂಗೆ ಮನಸ್ಸು ತಡೀದೆ ಪಾದ ತಟ್ಟಿದ್ದು."

ವಕೀಲರು ಹೆಂಡತಿಯ ಕಡೆ ನೋಡಿದರು. ಮೇಷ್ಟ್ರಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಈ ಲೆಕ್ಕವನ್ನು ಆಕೆ ಮೊದಲೇ ಬಿಡಿಸಿಟ್ಟಿದ್ದಳು. ಎಷ್ಟೋ ದೊಡ್ಡವರನ್ನು ಪಾಟೀಸವಾಲಿನಲ್ಲಿ ಬೆವರಿಳಿಸಿದ ಮನುಷ್ಯ ಎದುರಿದ್ದ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತರು.

"ನಿದ್ದೆ ಬಂದಿತ್ತು ಅಕ್ಕ," ಎಂದರು. "ನಾಟಕ ಮಾಡೋಣ ಅಂತಲೇ ಮಲಗಿದೆ. ಮಾಡೋಕೆ ಪುರುಸೊತ್ತೇ ಸಿಗ್ಲಿಲ್ಲ."

ಆಮೇಲೆ ಅವರು ಹೇಳಿದ್ದರಲ್ಲಿ ಜಂಬದ ಒಂದು ಎಳೆಯೂ ಇರಲಿಲ್ಲ. ಯಾರಿಗೆ ಎಂದುಕೊಂಡು ಮಲಗಿ ಎಂದಿದ್ದಳಲ್ಲ ಅವಳು, ನಟನೆ ಶುರುಮಾಡುವ ಮೊದಲ ಆ ಒಂದು ಕ್ಷಣದಲ್ಲಿ ಅವರಿಗೆ ನೆನಪಾದದ್ದು ಲಿಫ್ಟಿನ ಮುದುಕ. ಬದುಕಿಡೀ ನಿಂತೇ ಇದ್ದವನು, ಬಾರಯ್ಯ ಎಂದು ಅವನಿಗೆ ಜಾಗ ಬಿಟ್ಟರು. ಅವನು ಟೋಪಿ ತೆಗೆದು ಮಲಗಿದ, ಗಂಟೆ ನಿಂತಿತು. ಅವನ ಹಿಂದೆ ಉಡುಪಿನ ಕಾರ್ಖಾನೆಯ ಹೆಂಗಸು ಬಂದಳು, ಹೊಲಿಗೆಯಂತ್ರ ನಿಂತಿತು. ಬಾಟಲಿಯವನು ಒದ್ದೆ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ. ಕಂಡಕ್ಟರ್ ಸೀಟಿಯನ್ನು ದಿಂಬಿನಡಿ ಇಟ್ಟ. ಹಾಸಿಗೆ ಬೆಳೆಯುತ್ತ ಹೋಯಿತು, ಬಂದವರೆಲ್ಲ ಹಿಡಿಸಿದರು. ಗೆದ್ದವರಷ್ಟೇ ಅಲ್ಲ, ಸೋತು ಮತ್ತೆ ಮೆಟ್ಟಿಲು ಹತ್ತದೇ ಹೋದವರೂ ಬಂದರು. ಅವರೇ ಜಾಸ್ತಿ ಇದ್ದರು. ವಕೀಲರು ತುದಿಯಿಂದ ತುದಿಗೆ ನಡೆದು ಎಲ್ಲರಿಗೂ ಹೊದಿಸಿದರು. ಎಲ್ಲಿಯೂ ಒಂದು ಸದ್ದಿರಲಿಲ್ಲ. ಅಷ್ಟೇ ಅವರಿಗೆ ಗೊತ್ತು. ಅಷ್ಟರಲ್ಲಿ ಯಾರೋ ಪಾದ ತಟ್ಟಿದರು.

"ನಾನು ಏನಂದೆ ಅಕ್ಕ?"

"ಎಲ್ಲರೂ ಮಲಗಿದ್ರಾ, ದೀಪ ಆರಿಸ್ಲಾ, ಅಂದ್ರಿ."

ಅವಳು ಕೆನ್ನೆ ಒರೆಸಿಕೊಂಡು, ಹಾಗಾದರೆ ಸರಿ, ನಾನಿನ್ನು ಹೊರಡುತ್ತೇನೆ ಎಂದು ನಕ್ಕಳು. ಅಂದಿನ ಮೊದಲ ನಗು ಅದು.

ವಕೀಲರೇ ಒಪ್ಪಿಕೊಂಡ ಮೇಲೆ ಇನ್ನು ನಾವು ಬಚ್ಚಿಟ್ಟು ಮಾಡುವುದೇನು? ನಟನೆ ಎಂದು ನಾವು ಹೇಳಿದ್ದು ಸುಳ್ಳು. ಗಾಜುಗಳು ಅಲುಗಲಿಲ್ಲ, ಗೆರೆ ಅಲೆಯಾಗಲಿಲ್ಲ. ಅವರು ಮಗುವಿನಂತೆ ಸದ್ದಿಲ್ಲದೆ ಮಲಗಿದ್ದರು. ಗೆದ್ದ ಕೆಲಸಗಳಿಂದ ಪಟ್ಟಣವಾಗದು, ಎರಡು ಬೀದಿಯಾದೀತು. ಇನ್ನು ಆ ಹನ್ನೊಂದು ವರ್ಷ. ವಾಪಸು ಬರುವಾಗ ಬಸ್ಸಿನಲ್ಲಿ ತನ್ನ ಹೆಗಲ ಮೇಲೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದ ಗಂಡನನ್ನು ತೋರಿಸಿ ಮೇಷ್ಟ್ರಮ್ಮ ಹೇಳಿದ್ದು ಇಷ್ಟು: ಭಾಗಾಕಾರ, ಕಳೆಯುವುದು ಎಲ್ಲ ಮಾಡಿ ನೋಡಿದರೆ ಉಳಿಯುವುದು ಆರೇಳು ತಿಂಗಳು, ಅದರಲ್ಲೂ ಭಾನುವಾರ ಮಧ್ಯಾಹ್ನ ಮಲಗುತ್ತಿದ್ದರು. ಇಳಿಯುವ ಜಾಗ ಬಂದಾಗ ಆಕೆ ಬಗ್ಗಿ, ಅವರ ಪಾದ ತಟ್ಟಿದಳು.